ಲೈಬ್ರರಿಯಲ್ಲಿ ಎರಡು ಮಂಚ

ಓಬಳೇಶಪ್ಪನವರು ಧಾರವಾಡದ ತರಬೇತಿ ಶಿಬಿರಕ್ಕೆ ಹೋಗದೆ ಇದ್ದಿದ್ದರೆ ಕೊಟ್ಟೂರಿನಲ್ಲಿ ಯಾವ ಅನಾಹುತವೂ ಆಗುತ್ತಿರಲಿಲ್ಲ. ಆದರೆ ಅವರು ಹೋದರು. ಹೋಗುವಾಗ ಒಂದು ಟ್ರಂಕು, ಒಂದು ಕೊಡೆ ಒಯ್ದಿದ್ದರು. ಬರುವಾಗ ಕೊಡೆ ಕಳೆದುಕೊಂಡು, ಅದರ ಬದಲಿಗೆ ಎರಡು ಮಾತು ಗಳಿಸಿಕೊಂಡು ಬಂದರು. ಒಂದು ‘ಸಂಶೋಧನೆ’. ಇನ್ನೊಂದನ್ನು ಶಿಬಿರದಲ್ಲಿ ಫೀಡ್‌ಬ್ಯಾಕ್ ಎಂದು ಹೇಳಿಕೊಟ್ಟಿದ್ದರಂತೆ. ರೈಲು ಗದಗ ದಾಟುವಷ್ಟರಲ್ಲಿ ಓಬಳೇಶಪ್ಪನವರು ಅದನ್ನು ‘ಮರುಮಾತು’ ಎಂದು ಕನ್ನಡಕ್ಕೆ ತಂದಿದ್ದರು. ಓದುವವನಿಗೆ ಏನು ಬೇಕೆಂದು ಕೇಳು, ಬರೆದವನಿಗೆ ಅವನ ಬರಹ ಹೇಗಿದೆಯೆಂದು ತಿರುಗಿ ಹೇಳು. ಇಷ್ಟೇ ಅದರ ಅರ್ಥ.

ಅವರು ಕೊಟ್ಟೂರಿನ ಒಂದು ಹೊಸ ಬಿ.ಎ. ಕಾಲೇಜಿನ ಗ್ರಂಥಪಾಲಕರು. ಕಾಲೇಜು ನಡೆಯುತ್ತಿದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಹಿಂದಿನ ಉದ್ದನೆಯ ಕೋಣೆಯೇ ಲೈಬ್ರರಿ. ಅಲ್ಲಿ ಬೆಳಕಿತ್ತು, ದೊಡ್ಡ ಮೇಜಿತ್ತು, ಕಪಾಟುಗಳ ತುಂಬ ಪುಸ್ತಕವಿತ್ತು. ಓದುವವರು ಮಾತ್ರ ಇರಲಿಲ್ಲ. ಒಂದು ಪುಸ್ತಕವೂ ಕಳುವಾಗಬಾರದೆಂಬ ವ್ರತ ಹಿಡಿದಿದ್ದ ಓಬಳೇಶಪ್ಪನವರು ಕಪಾಟುಗಳಿಗೆ ಬೀಗ ಹಾಕಿ, ಕೋಣೆಗೂ ಬೀಗ ಹಾಕಿ, ಬಾಗಿಲ ಮುಂದೆ ಕುರ್ಚಿ ಇಟ್ಟುಕೊಂಡು ಕೂಡುತ್ತಿದ್ದರು. ಇಷ್ಟೆಲ್ಲ ವ್ಯವಸ್ಥೆಯಿದ್ದೂ ಹುಡುಗರು ಯಾಕೆ ಬರುವುದಿಲ್ಲ ಎಂಬುದು ಅವರಿಗೆ ಬಿಡಿಸಲಾಗದ ಒಗಟಾಗಿತ್ತು.

ಬರವಣಿಗೆಯ ಕಥೆ ಇನ್ನೂ ಕೆಟ್ಟದ್ದು. ಇಡೀ ಕಾಲೇಜು ಒಂದೇ ಗೈಡನ್ನು ಬಾಯಿಪಾಠ ಮಾಡುತ್ತಿತ್ತು. ಗೈಡು ಬರೆದ ಪುಣ್ಯಾತ್ಮ ಕರಾವಳಿಯವನು. ಹೀಗಾಗಿ ‘ನನ್ನ ಊರು’ ಎಂಬ ಪ್ರಬಂಧ ಕೇಳಿದರೆ ಉಜ್ಜಿನಿಯ ಹುಡುಗರೂ ಹರಪನಹಳ್ಳಿ ಕಡೆಯ ಅರಸೀಕೆರೆಯ ಹುಡುಗರೂ, “ನಮ್ಮ ಊರು ಅರಬ್ಬೀ ಸಮುದ್ರದ ತಟದಲ್ಲಿದೆ, ಸಂಜೆ ನಾವು ಮರಳಿನಲ್ಲಿ ಚಿಪ್ಪು ಆಯುತ್ತೇವೆ” ಎಂದು ಬರೆಯುತ್ತಿದ್ದರು. ಪರೀಕ್ಷೆಯ ಉತ್ತರಗಳನ್ನು ತಿದ್ದಿದ ಯೂನಿವರ್ಸಿಟಿಯವರು ಬಳ್ಳಾರಿ ಜಿಲ್ಲೆಗೆ ಸಮುದ್ರ ಯಾವಾಗ ಬಂತೆಂದು ಗಾಬರಿಯಾಗಿ ನಕ್ಷೆ ತೆರೆದು ನೋಡಿದರಂತೆ. ಆಮೇಲೆ ಕಾಗದ ಬಂತು: ಸಮಿತಿ ಬರುತ್ತದೆ, ಲೈಬ್ರರಿಯನ್ನೂ ವಿದ್ಯಾರ್ಥಿಗಳ ಬರವಣಿಗೆಯನ್ನೂ ನೋಡುತ್ತದೆ, ಸುಧಾರಿಸದಿದ್ದರೆ ಬಿ.ಎ. ತರಗತಿಗಳ ಅನುಮತಿ ರದ್ದು.

ಪ್ರಿನ್ಸಿಪಾಲ್ ಗುರುಸಂಗಪ್ಪನವರು ಓಬಳೇಶಪ್ಪನವರನ್ನು ಕರೆಸಿದರು.

“ಕಾಲೇಜ್ ಮುಚ್ಚಿದ್ರ ನಾವು ನೀವು ಇಲ್ಲೇ ಕುಂತು ಹತ್ತಿ ತೂಗಬೇಕಾಗತೈತಿ. ಏನರ ಮಾಡ್ರಿ.”

“ಸಂಶೋಧನೆ ಮಾಡ್ತೀನ್ರಿ ಸಾರ್. ಮನಿ ಮನಿಗೆ ಹೋಗಿ ಹುಡುಗ್ರನ್ನ ಕೇಳ್ತೀನಿ. ಆಮ್ಯಾಲೆ ಮರುಮಾತು.”

“ಬೇಕಾದ್ದು ಮಾಡ್ರಿ. ನನ್ನ ತಲಿಗೆ ಮಾತ್ರ ಹಚ್ಚಬ್ಯಾಡ್ರಿ.”

ತಮ್ಮ ಮೇಜಿಗೆ ಬಂದ ಯಾವ ಕಾಗದವನ್ನೂ ಓದದೆ ‘ಸಂಬಂಧಪಟ್ಟವರಿಗೆ’ ಎಂದು ಬರೆದು ದಾಟಿಸಿಯೇ ಗುರುಸಂಗಪ್ಪನವರು ಪ್ರಿನ್ಸಿಪಾಲರಾಗಿದ್ದರೆಂದು ಪ್ರತೀತಿ.

ಇಲ್ಲಿ ಒಂದು ಮಾತು ಹೇಳಬೇಕು. ಅದು ಎಪ್ಪತ್ತಾರನೆಯ ಇಸವಿ. ಕುಟುಂಬ ಯೋಜನೆಯ ಆಪರೇಶನ್ನು ಜೋರಾಗಿದ್ದ ಕಾಲ. ಇಂತಿಷ್ಟು ಮಂದಿಯನ್ನು ಕರೆತರಬೇಕೆಂದು ಮಾಸ್ತರುಗಳಿಗೂ ಹುಕುಂ ಬಂದಿದೆ ಎಂದು ಸುದ್ದಿ. ಹೆಗಲಿಗೆ ಚೀಲ ಹಾಕಿಕೊಂಡು, ಬಿಳಿ ಅಂಗಿ ತೊಟ್ಟು, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುವವನು ಕಂಡರೆ ಸಾಕು, ಗಂಡಸರು ಹಿತ್ತಿಲ ಗೋಡೆ ಹಾರುತ್ತಿದ್ದರು. ಓಬಳೇಶಪ್ಪನವರಿಗೂ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಅದು ಡಾಕ್ಟರುಗಳ ಇಲಾಖೆ, ತಮ್ಮದು ಪುಸ್ತಕದ ಇಲಾಖೆ ಎಂದು ಅವರ ತಿಳಿವಳಿಕೆ. ಬಿಳಿ ಅಂಗಿ ತೊಟ್ಟು, ಚೀಲ ಹಾಕಿಕೊಂಡು ಹೊರಟೇಬಿಟ್ಟರು.

ಮೊದಲ ಸಂಶೋಧನೆ ಸುಂಕಪ್ಪನ ಮಿರ್ಚಿ ಅಂಗಡಿಯಲ್ಲಿ ನಡೆಯಿತು. ಸುಂಕಪ್ಪನ ಮಗ ಎರಡನೆಯ ವರ್ಷದ ಬಿ.ಎ.

“ಸುಂಕಪ್ಪ, ನಿಮ್ಮ ಮನ್ಯಾಗ ಎಷ್ಟು ಮಂದಿ?”

ಎಣ್ಣೆಯಲ್ಲಿ ಮಿರ್ಚಿ ಬಿಡುತ್ತಿದ್ದ ಸುಂಕಪ್ಪನ ಕೈ ಅಲ್ಲೇ ನಿಂತಿತು. “ಯಾಕ್ರಿ ಸಾರ್?”

“ನಿಮ್ಮ ಮಗ ಒಂದು ಸಲನೂ ಒಳಗ ಬಂದಿಲ್ಲ. ಕರಕೊಂಡು ಬರ್ರಿ. ಎಲ್ಲ ಪುಕಟ ಐತಿ.”

“ಅಂವಗ ಇನ್ನೂ ಮದುವಿ ಆಗಿಲ್ರಿ!”

“ಅದು ಇನ್ನೂ ಚಲೋ ಆತಲ್ಲ. ಮದುವಿ ಆದ ಮ್ಯಾಲೆ ಇದಕ್ಕ ಪುರುಸೊತ್ತು ಎಲ್ಲಿ ಸಿಗತೈತಿ? ಈ ವಯಸ್ಸಿನಾಗ ಮಾಡಿದ್ರ ಜೀವನಪರ್ಯಂತ ಉಪಯೋಗ.”

“ನೋವು… ನೋವು ಆಗೂದಿಲ್ಲೇನ್ರಿ?”

“ಮೊದಮೊದಲು ಸ್ವಲ್ಪ ಬ್ಯಾಸರ ಆಗತೈತಿ. ನಿದ್ದಿ ಬರತೈತಿ. ಆಮ್ಯಾಲೆ ಅವರ ಬರ್ತಾರ ನೋಡ್ರಿ, ಬ್ಯಾಡ ಅಂದ್ರೂ.”

ಮಿರ್ಚಿ ಕಪ್ಪಾಗಿ ಹೊಗೆ ಎದ್ದಿತು. ಸುಂಕಪ್ಪ ಅವತ್ತು ಅಂಗಡಿ ಬೇಗ ಮುಚ್ಚಿ, ಮಗನನ್ನು ಹಡಗಲಿಯ ಬೀಗರ ಮನೆಗೆ ಕಳಿಸಿದ. ಸಂಜೆಯೊಳಗೆ ಸುದ್ದಿ ಊರು ಸುತ್ತಿತು: ಕಾಲೇಜಿನವರು ಈಗ ಮದುವೆಯಾಗದ ಹುಡುಗರನ್ನೂ ಬಿಡುವುದಿಲ್ಲವಂತೆ, ಲೈಬ್ರರಿಯ ಒಳಗೆ ಮಾಡುತ್ತಾರಂತೆ, ಅದಕ್ಕೇ ಇಷ್ಟು ದಿನ ಬೀಗ ಹಾಕಿ ಇಟ್ಟಿದ್ದರಂತೆ.

ಮರುದಿನ ಓಬಳೇಶಪ್ಪನವರು ಉಜ್ಜಿನಿಗೆ ಹೋದರು. ಅವರು ಇಳಿಯುವ ಮೊದಲೇ ಬಸ್ಸಿನ ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಊರಿಗೆ ಏನೋ ಸನ್ನೆ ಮಾಡಿದ. ಊರಿನಲ್ಲಿ ಒಬ್ಬ ಗಂಡಸೂ ಕಣ್ಣಿಗೆ ಬೀಳಲಿಲ್ಲ. ಮೈಲಪ್ಪನೆಂಬ ವಿದ್ಯಾರ್ಥಿಯ ಮನೆ ಹುಡುಕಿಕೊಂಡು ಹೋದರೆ, ಅವನ ಅಪ್ಪ ಗಾದೆಪ್ಪ ಕುರಿ ಹೊಡೆದುಕೊಂಡು ಹೋಗಿದ್ದ, ಮೈಲಪ್ಪ ಕುರಿಗಳ ನಡುವೆ ಕಂಬಳಿ ಹೊದ್ದು ಹೋಗಿದ್ದ. ತಾಯಿ ಜಂಬಕ್ಕ ಸೊಂಟದಲ್ಲಿ ಒಂದು ಕೂಸು, ಸೆರಗು ಹಿಡಿದ ಇನ್ನಷ್ಟು ಮಕ್ಕಳ ಸಮೇತ ಬಾಗಿಲಿಗೆ ಬಂದಳು.

“ತಾಯಿ, ನಿಮ್ಮ ಮೈಲಪ್ಪಂದು ಭಾಳ ಉದ್ದ ಆಗೇತಿ,” ಎಂದರು ಓಬಳೇಶಪ್ಪನವರು, ಚೀಲದಿಂದ ಅವನ ಪ್ರಬಂಧ ತೆಗೆಯಲು ತಡಕಾಡುತ್ತ. “ಬೇಕಾದಷ್ಟು ಇಟ್ಟು ಉಳಿದದ್ದು ಕತ್ತರಿಸಬೇಕು.”

ಜಂಬಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ದೇವರು ಕೊಟ್ಟಂಗ ಇರಲಿ ಬಿಡ್ರಿ ಸಾಹೇಬ್ರ.”

“ದೇವರು ಕೊಟ್ಟದ್ದಲ್ಲ ತಾಯಿ, ಇವೆಲ್ಲ ಗೈಡು ನೋಡಿ ಮಾಡಿದ್ದು. ನಾನು ನೆತ್ತರಿನಂಗ ಕೆಂಪು ಮಾಡಿ ಕೊಡ್ತೀನಿ, ಅಂವ ಎರಡು ದಿನ ಮುಖ ಸಣ್ಣದು ಮಾಡ್ಕೊಂಡು ಅಡ್ಡಾಡ್ತಾನ, ಆಮ್ಯಾಲೆ ಸರಿ ಹೋಗತಾನ. ಹಿಂದಕ್ಕ ಯಾರೂ ಹೆದರಿಲ್ಲ.”

ಕೆಂಪು ಶಾಯಿಯ ವಿಷಯ ಹೇಳುವಷ್ಟರಲ್ಲಿ ಬಾಗಿಲು ಹಾಕಿಕೊಂಡಿತು. ‘ತಂದೆತಾಯಿಗಳಲ್ಲಿ ಬರವಣಿಗೆಯ ಬಗ್ಗೆ ವಿಪರೀತ ನಾಚಿಕೆ ಕಂಡುಬರುತ್ತದೆ’ ಎಂದು ತೀರ್ಮಾನಿಸಿ ಅವರು ಮುಂದಿನ ಬಸ್ಸು ಹಿಡಿದರು.

ಇತ್ತ ವಿದ್ಯಾರ್ಥಿಗಳು ಊರ ಹೊರಗಿನ ಹುಣಸೆಮರದ ಕೆಳಗೆ ಸಭೆ ಸೇರಿದರು. ಪ್ರಿನ್ಸಿಪಾಲರಿಗೆ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. ವಿಷಯದ ಹೆಸರು ಹಿಡಿದು ಬರೆಯಲು ಎಲ್ಲರಿಗೂ ನಾಚಿಕೆ. ಗೈಡು ತೆರೆದರು. ಅದರಲ್ಲಿದ್ದದ್ದು ರಜಾ ಅರ್ಜಿಯ ಮಾದರಿ ಒಂದೇ. ಅದನ್ನೇ ನಕಲು ಮಾಡಿ, “ನಮ್ಮೆಲ್ಲರಿಗೂ ಜ್ವರ ಬಂದಿರುವುದರಿಂದ ಒಳಗೆ ಬರಲು ಆಗುವುದಿಲ್ಲ” ಎಂದು ಬರೆದು ಕೊಟ್ಟರು. ಗುರುಸಂಗಪ್ಪನವರು ‘ಸಂಬಂಧಪಟ್ಟವರಿಗೆ’ ಎಂದು ಬರೆದರು. ಅರ್ಜಿ ನೇರವಾಗಿ ಓಬಳೇಶಪ್ಪನವರ ಮೇಜಿಗೆ ಬಂತು.

ಓಬಳೇಶಪ್ಪನವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ವಿದ್ಯಾರ್ಥಿಗಳು ಯಾರೂ ಕೇಳದೆ ತಾವಾಗಿಯೇ ಬರೆದ ಮೊದಲ ಬರಹ! ಕೆಂಪು ಶಾಯಿ ತೆಗೆದು ಅಂಚಿನಲ್ಲಿ ಮರುಮಾತು ಬರೆದರು: “ಇದು ಗೈಡಿನ ಮಾತು, ನಿಮ್ಮ ಮಾತಲ್ಲ. ನಿಜವಾದ ಕಾರಣ ಬೇರೆ ಇದೆಯೆಂದು ಕಾಣುತ್ತದೆ. ಹೆದರದೆ ಬರೆಯಿರಿ. ‘ಜ್ವರ’ದಲ್ಲಿ ಒತ್ತಕ್ಷರ ತಪ್ಪಿದೆ.”

ತಿದ್ದಿ ಬಂದ ಅರ್ಜಿಯನ್ನು ಹಿಡಿದು ಹುಡುಗರು ಮತ್ತೆ ಹುಣಸೆಮರದ ಕೆಳಗೆ ಸೇರಿದರು.

“ಕುರಿ ಕಡಿಯೂಕಿಂತ ಮೊದ್ಲು ಮೈ ತೊಳೆದು ಅರಿಷಿಣ ಹಚ್ತಾರಲ್ಲಲೇ, ಹಂಗೈತಿ ಇದು,” ಎಂದ ಮೈಲಪ್ಪ.

ಎರಡನೆಯ ಅರ್ಜಿಯಲ್ಲಿ ಜ್ವರ ಹೋಗಿ ಸ್ವಲ್ಪ ಸಿಟ್ಟು ಬಂದಿತ್ತು: “ನಮ್ಮನ್ನು ಒತ್ತಾಯದಿಂದ ಒಳಗೆ ಕರೆಯುವುದು ನ್ಯಾಯವಲ್ಲ.” ಅದೂ ಅದೇ ದಾರಿಯಲ್ಲಿ ಓಬಳೇಶಪ್ಪನವರಿಗೆ ತಲುಪಿ, ಅದೇ ದಾರಿಯಲ್ಲಿ ಕೆಂಪಾಗಿ ತಿರುಗಿ ಬಂತು: “ಭಲೆ! ಧ್ವನಿ ಚೆನ್ನಾಗಿದೆ. ಆದರೆ ನ್ಯಾಯವಲ್ಲ ಎಂದರೆ ಸಾಲದು, ಆಧಾರ ಬೇಕು. ಕಾನೂನಿನ ಪುಸ್ತಕಗಳು ಲೈಬ್ರರಿಯಲ್ಲಿವೆ.”

ಆಧಾರ ಬೇಕಾಗಿತ್ತು, ಅದು ಒಳಗಿತ್ತು, ಒಳಗೆ ಹೋಗಲು ಭಯ. ಹುಡುಗರು ಉಪಾಯ ಹೂಡಿದರು. ಓಬಳೇಶಪ್ಪನವರು ಸಂಶೋಧನೆಗೆಂದು ಹರಪನಹಳ್ಳಿಯ ಕಡೆ ಹೋದ ದಿನ ಅವರ ಮನೆಗೆ ಹೋಗಿ, ಹೆಂಡತಿ ನಾಗಲಿಂಗಮ್ಮನವರ ಮುಂದೆ ಕೈಮುಗಿದು ನಿಂತರು.

ನಾಗಲಿಂಗಮ್ಮನವರಿಗೆ ನಲ್ಲಿಯ ಹತ್ತಿರ ಎಲ್ಲ ಸುದ್ದಿಯೂ ತಲುಪಿತ್ತು. ತಲುಪುವಾಗ ಸ್ವಲ್ಪ ಬೆಳೆದೂ ಇತ್ತು. ಹಿಂದಿನ ದಿನ ಗಂಡನನ್ನು ಕೇಳಿದ್ದರು, “ಏನ್ರಿ, ನೀವೂ…?” ಎಂದು. ಓಬಳೇಶಪ್ಪನವರು ಪ್ರಬಂಧ ತಿದ್ದುತ್ತ ತಲೆಯೆತ್ತದೆ, “ನಾನು ಧಾರವಾಡದಾಗ ಮುಗಿಸ್ಕೊಂಡು ಬಂದೀನಲ್ಲ. ಸರ್ಟಿಫಿಕೇಟ್ ಟ್ರಂಕಿನಾಗ ಐತಿ,” ಎಂದಿದ್ದರು. ನಾಗಲಿಂಗಮ್ಮನವರಿಗೆ ಒಂದೇ ಹೆಣ್ಣು ಕೂಸು. ಅವತ್ತು ಸಾರಿಗೆ ಉಪ್ಪು ಬೀಳಲಿಲ್ಲ. ಓಬಳೇಶಪ್ಪನವರು ಅದನ್ನು ಗಮನಿಸದೆ ಉಂಡರು.

“ನನ್ನ ಸಂಸಾರ ಹೆಂಗೂ ಆತು,” ಎಂದರು ನಾಗಲಿಂಗಮ್ಮನವರು ಕಣ್ಣೊರೆಸಿಕೊಂಡು. “ನಿಮ್ಮದರ ಉಳೀಲಿ. ತಗೊಳ್ರಿ ಕೀಲಿ. ಕಪಾಟಿಂದೂ ಇದರಾಗ ಅದಾವ.”

ಅಲ್ಲಿಂದ ಮುಂದೆ ನಡೆದದ್ದು ಆ ಕಾಲೇಜಿನ ಇತಿಹಾಸದಲ್ಲಿ ಎಂದೂ ನಡೆಯದ ಸಂಗತಿ. ಓಬಳೇಶಪ್ಪನವರು ಓದುಗರನ್ನು ಹುಡುಕಿಕೊಂಡು ಊರೂರು ಅಲೆಯುತ್ತಿದ್ದರು. ಓದುಗರು ಲೈಬ್ರರಿಯಲ್ಲಿ ಕೂತು ಓದುತ್ತಿದ್ದರು. ಕಾನೂನಿನ ಪುಸ್ತಕ ಅರ್ಥವಾಗದೆ ನಿಘಂಟು ತೆಗೆದರು. ನಿಘಂಟಿನಿಂದ ಇತಿಹಾಸಕ್ಕೆ ಹೋದರು. ಮೈಲಪ್ಪನಂತೂ ಬಂದ ಕೆಲಸ ಮರೆತು ಧ್ರುವಪ್ರದೇಶದ ಪ್ರವಾಸಕಥನವೊಂದರಲ್ಲಿ ಎರಡು ಮಧ್ಯಾಹ್ನ ಕಳೆದ. ಮೂರನೆಯ ಅರ್ಜಿಯನ್ನು ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಒಬ್ಬರಿಗೊಬ್ಬರು ಓದಿ, ಜಗಳವಾಡಿ ಮುಗಿಸಿದರು. ಗುರುಸಂಗಪ್ಪನವರು ಅದರ ದಪ್ಪ ನೋಡಿ ಇದು ಓಬಳೇಶಪ್ಪನವರ ಸಂಶೋಧನೆಯ ವರದಿಯೇ ಇರಬೇಕೆಂದು ಸಮಿತಿಗೆ ತೋರಿಸುವ ಫೈಲಿನಲ್ಲಿ ಇಟ್ಟರು. ಓದಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಸಮಿತಿ ಬರುವುದಕ್ಕೆ ಸ್ವಲ್ಪ ಮುಂಚೆ ಕೂಡ್ಲಿಗಿಯಿಂದ ಒಂದು ಜೀಪು ಬಂದು ಕಾಲೇಜಿನ ಮುಂದೆ ನಿಂತಿತು. ಇಳಿದವರು ಹೆಲ್ತ್ ಇನ್ಸ್‌ಪೆಕ್ಟರ್ ಬಂಗಾರಪ್ಪನವರು. ಸುದ್ದಿ ಅಲ್ಲಿಯವರೆಗೂ ಹೋಗಿತ್ತು.

“ಓಬಳೇಶಪ್ಪನೋರ, ನಿಮ್ಮಂಥೋರು ತಾಲ್ಲೂಕಿಗೆ ಒಬ್ರಿದ್ರ ಸಾಕ್ರಿ!” ಎಂದು ಅವರು ಕೈ ಹಿಡಿದು ಕುಲುಕಿದರು. “ಯಾರೂ ಹೇಳದಿದ್ರೂ ಊರೂರು ಅಡ್ಡಾಡಿ ತಯಾರ ಮಾಡಾಕ ಹತ್ತೀರಂತ. ಎಷ್ಟು ಮಂದಿ ಆದ್ರು?”

“ಇನ್ನೂ ಯಾರೂ ಒಳಗ ಬಂದಿಲ್ರಿ. ಭಯ ಹೋಗವಲ್ದು.”

“ಭಯ ನಾವು ಬಿಡಸ್ತೀವಿ. ಜಾಗ ಎಲ್ಲಿ?”

“ಇಲ್ಲೇ ರೀ. ಬೆಳಕು ಚಲೋ ಐತಿ. ಗದ್ದಲ ಇಲ್ಲ.”

“ಗುರುವಾರ ನಮ್ಮ ಡಾಕ್ಟರು ಬರ್ತಾರ. ಎರಡು ಮಂಚ ಕಳಸ್ತೀನಿ, ಹಾಕಿಸಿಬಿಡ್ರಿ.”

ಗುರುವಾರ ಎಂದರೆ ಸಮಿತಿ ಬರುವ ದಿನ. ಡಾಕ್ಟರೆಂದರೆ ಡಾಕ್ಟರೇಟ್ ಆದವರು ಎಂದು ಓಬಳೇಶಪ್ಪನವರು ಅರ್ಥ ಮಾಡಿಕೊಂಡರು. ಮಂಚದ ವಿಷಯ ಸ್ವಲ್ಪ ತೊಡಕಾಯಿತು. ಆದರೆ ಓದುಗನ ಮೈಗೆ ಆರಾಮವಿದ್ದರೆ ಓದು ತಲೆಗೆ ಹತ್ತುತ್ತದೆ ಎಂದು ಧಾರವಾಡದಲ್ಲಿ ಹೇಳಿದ್ದು ನೆನಪಾಯಿತು. ಸರ್ಕಾರ ಇಷ್ಟು ಮುಂದುವರಿದಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಕೈಯಾರೆ ಮೇಜು ಸರಿಸಿ ಮಂಚ ಹಾಕಿಸಿದರು, ಮೇಲೆ ಬಿಳಿ ಹಾಸಿಗೆ, ತಲೆದಿಂಬಿನ ಪಕ್ಕ ಒಂದೊಂದು ಕಾದಂಬರಿ.

ಗುರುವಾರ ಸಮಿತಿ ಬಂತು. ಸಮಿತಿಯೆಂದರೆ ಒಬ್ಬರೇ ಪ್ರೊಫೆಸರು. ಉಳಿದ ಇಬ್ಬರಿಗೆ ಈ ಕಡೆಯ ಬಿಸಿಲು ಆಗಿಬರುವುದಿಲ್ಲವಂತೆ. ಪ್ರಿನ್ಸಿಪಾಲರು ಹಾರ ತರಲು ಹೋಗಿದ್ದರು. ಓಬಳೇಶಪ್ಪನವರು ಡಾಕ್ಟರನ್ನು ಎದುರುಗೊಳ್ಳಲು ರಸ್ತೆಗೆ ಹೋಗಿದ್ದರು. ಪ್ರಯಾಣದಿಂದ ಬಳಲಿದ್ದ ಪ್ರೊಫೆಸರು ಪ್ರಿನ್ಸಿಪಾಲರ ಮೇಜಿನ ಮೇಲೆ ತಮಗೆಂದು ಇಟ್ಟಿದ್ದ ಫೈಲನ್ನು ಕಂಕುಳಲ್ಲಿಟ್ಟುಕೊಂಡು ತಾವೇ ಲೈಬ್ರರಿಗೆ ಬಂದು, ತಣ್ಣಗಿನ ಕೋಣೆ ಕಂಡು, ಮಂಚದ ಮೇಲೆ ಕುಳಿತರು. ಮೂಲೆಯಲ್ಲಿ ಸ್ಟೌವಿನ ಮೇಲೆ ಪಾತ್ರೆ ಕುದಿಯುತ್ತಿತ್ತು. ಚಹಾ ಇರಬೇಕೆಂದುಕೊಂಡರು. ಅದರಲ್ಲಿ ಕುದಿಯುತ್ತಿದ್ದದ್ದು ಕತ್ತರಿಗಳು.

ಡಾಕ್ಟರಿಗಿಂತ ಮುಂಚೆಯೇ ಬಂದು ಸಿದ್ಧತೆ ನಡೆಸಿದ್ದ ಕಾಂಪೌಂಡರು ಹತ್ತಿರ ಬಂದ. “ವಯಸ್ಸು ಎಷ್ಟ್ರಿ?”

“ಐವತ್ತೆಂಟು. ಯಾಕೆ?”

“ಈ ವಯಸ್ಸಿನಾಗೂ ಮುಂದ ಬಂದೀರಲ್ಲ, ದೊಡ್ಡ ಮನಸು. ಧೋತ್ರ ಸ್ವಲ್ಪ ಸಡಲಿಸ್ರಿ. ಇರಿವಿ ಕಡದಂಗ ಆಗತೈತಿ ಅಷ್ಟ.”

ಪ್ರೊಫೆಸರು ಕೂಗಿದ ಕೂಗಿಗೆ ಗೋದಾಮಿನ ಪಾರಿವಾಳಗಳು ಹಾರಿಹೋದವು. ಲೈಬ್ರರಿಗೆ ಮಂಚ ಬಂದ ಸುದ್ದಿ ಕೇಳಿ ಉಜ್ಜಿನಿಯಿಂದ ಹೊರಟಿದ್ದ ದಂಡು ಅದೇ ಹೊತ್ತಿಗೆ ಗೇಟು ದಾಟಿತ್ತು. ಮುಂದೆ ಬಡಿಗೆ ಹಿಡಿದ ಗಾದೆಪ್ಪ, ಹಿಂದೆ ಜಂಬಕ್ಕ, ಆಕೆಯ ಹಿಂದೆ ಮಕ್ಕಳು, ಸುಂಕಪ್ಪ, ವಿದ್ಯಾರ್ಥಿಗಳು, ಕೊನೆಗೆ ಸೆರಗು ಬಿಗಿದ ನಾಗಲಿಂಗಮ್ಮನವರು. ಒಳಗಿನ ಕೂಗು ಕೇಳಿ, ಒಬ್ಬರದು ಆಗಲೇ ಆಗಿಹೋಯಿತೆಂದು ಎಲ್ಲರೂ ನುಗ್ಗಿದರು.

“ನನ್ನ ಮಗನ ಮೈ ಮುಟ್ಟಿದ್ರ ಸುಮ್ನ ಬಿಡಾಣಿಲ್ಲ!” ಎಂದ ಗಾದೆಪ್ಪ.

“ನನ್ನ ಮಗಂದು ಇನ್ನೂ ಮದುವಿ ಆಗಿಲ್ಲ!” ಎಂದ ಸುಂಕಪ್ಪ.

“ನನ್ನ ಗಂಡಂದು ಧಾರವಾಡದಾಗ ಮುಗದೈತಿ!” ಎಂದರು ನಾಗಲಿಂಗಮ್ಮನವರು.

ಡಾಕ್ಟರು, ಬಂಗಾರಪ್ಪನವರ ಜೊತೆ ಬಾಗಿಲಿಗೆ ಬಂದ ಓಬಳೇಶಪ್ಪನವರು ಮಂಚ ನೋಡಿದರು, ಕುದಿಯುವ ಪಾತ್ರೆ ನೋಡಿದರು, ಡಾಕ್ಟರ ಕುತ್ತಿಗೆಯ ಸ್ಟೆತಾಸ್ಕೋಪು ನೋಡಿದರು. ಆಡಿದ ಒಂದೊಂದೇ ಮಾತು ತಲೆಯೊಳಗೆ ತಿರುಗಿ ಬಂದು ಕೂತಿತು. “ಅಯ್ಯೋ, ನಾನು ಪುಸ್ತಕದ ಮಾತಾಡಿದ್ನಲ್ಲ!” ಎಂದರು. ಇನ್ನೊಂದು ಮಂಚದ ಮೇಲೆ ಕುಕ್ಕರಿಸಿದರು. ಕಾಂಪೌಂಡರು ಆ ಕಡೆಗೂ ಧಾವಿಸಿದ.

ಗದ್ದಲದ ನಡುವೆ ಪ್ರೊಫೆಸರ ಕಂಕುಳಿನ ಫೈಲು ಬಿದ್ದು ಬಿಚ್ಚಿಕೊಂಡಿತ್ತು. ಆಣೆಪ್ರಮಾಣಗಳು ನಡೆದು, ವಿಷಯ ಏನೆಂದು ಎಲ್ಲರಿಗೂ ತಿಳಿಯುವಷ್ಟರಲ್ಲಿ ಅವರು ಕನ್ನಡಕ ಏರಿಸಿ ಮೂರನೆಯ ಅರ್ಜಿಯನ್ನು ಓದತೊಡಗಿದ್ದರು. ಆಮೇಲೆ ಗಟ್ಟಿಯಾಗಿ ಓದಿದರು:

“ನಮ್ಮ ಊರು ಉಜ್ಜಿನಿ. ನಮ್ಮ ಊರಿನಲ್ಲಿ ಸಮುದ್ರವಿಲ್ಲ, ಕುರಿಗಳಿವೆ. ಕುರಿಯನ್ನು ಹಿಡಿದು ಕೆಡವುವಾಗ ಯಾರೂ ಅದರ ಒಪ್ಪಿಗೆ ಕೇಳುವುದಿಲ್ಲ. ನಾವು ಮನುಷ್ಯರು, ನಮ್ಮನ್ನು ಕೇಳಬೇಕು. ಓದಿದವರೆಂದು ನಮ್ಮನ್ನಷ್ಟೇ ಕೇಳಿದರೆ ಸಾಲದು. ಓದದ ನಮ್ಮ ಅಪ್ಪಂದಿರನ್ನೂ ಕೇಳಬೇಕು.”

ಗಾದೆಪ್ಪ ಮಗನ ಮುಖ ನೋಡಿದ.

“ಇದನ್ನು ಬರೆದವರು ಯಾರು?”

ಮೈಲಪ್ಪ ಕೈ ಎತ್ತಿದ. “ಎಲ್ರೂ ಸೇರಿ ರೀ. ಸಾರ್ ಎರಡು ಸಲ ತಿದ್ದಿ ವಾಪಸ್ ಕಳಿಸಿದ್ರು. ಮೂರನೇ ಸಲಕ್ಕ ಇಲ್ಲೇ ಕುಂತು ಓದಿ ಬರದ್ವಿ.”

“ಇಷ್ಟು ದಿನ ಯಾಕೆ ಬರುತ್ತಿರಲಿಲ್ಲ?”

“ಕೀಲಿ ಹಾಕಿರ್ತಿತ್ರಿ.”

ಪ್ರೊಫೆಸರು ಓಬಳೇಶಪ್ಪನವರ ಕಡೆ ತಿರುಗಿದರು. ಓಬಳೇಶಪ್ಪನವರು ತಮ್ಮ ಸಂಶೋಧನೆಯ ಫಲಿತಾಂಶವನ್ನು ತಲೆ ತಗ್ಗಿಸಿ ಸ್ವೀಕರಿಸಿದರು. ಬಿ.ಎ. ತರಗತಿಗಳು ಮುಂದುವರಿಯಲಿ ಎಂದು ಪ್ರೊಫೆಸರು ಅಲ್ಲೇ ಬರೆದರು. ಕೀಲಿ ಗ್ರಂಥಪಾಲಕರ ಹೆಂಡತಿಯ ಬಳಿ ಇರುವುದು ಲೇಸು ಎಂದೂ ಕೆಳಗೆ ಸೇರಿಸಿದರು. ಗುರುಸಂಗಪ್ಪನವರು ಹಾರ ತಂದು, ಏನಾಯಿತೆಂದು ಕೇಳದೆ ಎದುರಿಗಿದ್ದ ಡಾಕ್ಟರಿಗೆ ಹಾಕಿದರು.

ಹಾರ ಹಾಕಿಸಿಕೊಂಡ ಡಾಕ್ಟರು, “ಬಂದದ್ದು ದಂಡ. ಸಾಮಾನು ಕಟ್ರಿ,” ಎಂದರು.

“ತಡೀರಿ,” ಎಂದಿತು ಒಂದು ದನಿ.

ಜಂಬಕ್ಕ. ಕಂಕುಳಿನ ಕೂಸನ್ನು ಮೈಲಪ್ಪನ ಕೈಗೆ ಕೊಟ್ಟು ಗಂಡನ ಎದುರಿಗೆ ಬಂದು ನಿಂತಳು.

“ನೀ ಮಲಕ್ಕೊ.”

“ನಾ ಹುಡುಗನ್ನ ಬಿಡಿಸ್ಕೊಂಡು ಹೋಗಾಕ ಬಂದೀನಲೇ!”

“ಬಿಡಿಸ್ಕೊಂಡಿಯಲ್ಲ. ಈಗ ನನ್ನ ಬಿಡಸು. ಆರು ಹೆತ್ತೀನಿ. ಕಡೀದು ಹೆರೂ ಮುಂದ ಉಜ್ಜಿನಿ ಸೂಲಗಿತ್ತಿ ಕೈ ಚೆಲ್ಲಿದ್ಲು. ಅವಾಗ ಎಲ್ಲಿದ್ದಿ? ಕುರಿ ಹಿಂದ ಇದ್ದಿ.”

ಗಾದೆಪ್ಪ ಸುತ್ತ ನೋಡಿದ. ಜೊತೆಗೆ ಬಂದ ಗಂಡಸರೆಲ್ಲ ಕಪಾಟಿನಲ್ಲಿದ್ದ ಪುಸ್ತಕಗಳ ಹೆಸರು ಓದುವುದರಲ್ಲಿ ಮಗ್ನರಾಗಿದ್ದರು. ಅಕ್ಷರ ಬಾರದವರೂ ಓದುತ್ತಿದ್ದರು.

“ನಿಮಗೆ ಒಪ್ಪಿಗೆ ಇದೆಯೇನಪ್ಪ? ಇಲ್ಲವೆಂದರೆ ಯಾರೂ ಮುಟ್ಟುವುದಿಲ್ಲ,” ಎಂದರು ಪ್ರೊಫೆಸರು.

ಗಾದೆಪ್ಪ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಡಿಗೆಯನ್ನು ಗೋಡೆಗೆ ಒರಗಿಸಿದ. “ಐತಿ ಅಂತ ಬರಕೊಳ್ರಿ,” ಎಂದ.

ಪರದೆ ಎಳೆದರು. ಕೆಲಸ ಮುಗಿಯಿತು. ಸಂಜೆಯವರೆಗೆ ಏಳಬಾರದೆಂದು ಹೇಳಿ ಡಾಕ್ಟರು ಹಾರದ ಸಮೇತ ಜೀಪು ಹತ್ತಿದರು, ಮಂಚ ಸಾಗಿಸಲು ಬಂಗಾರಪ್ಪನವರೂ ಕಾಂಪೌಂಡರೂ ಉಳಿದರು. ಗಾದೆಪ್ಪ ಸ್ವಲ್ಪ ಹೊತ್ತು ಜಂತಿ ಎಣಿಸಿದ. ಆಮೇಲೆ ಬೇಸರವಾಗಿ, “ಏನ್ರಿ ಸಾಹೇಬ್ರ, ಇಷ್ಟು ಪುಸ್ತಕದಾಗ ಕುರಿದು ಏನರ ಐತೇನ್ರಿ?” ಎಂದು ಕೇಳಿದ.

ಓಬಳೇಶಪ್ಪನವರ ನೌಕರಿಯಲ್ಲಿ ಒಬ್ಬ ಮನುಷ್ಯ ಅವರನ್ನು ಪುಸ್ತಕ ಕೇಳಿದ್ದು ಅದೇ ಮೊದಲು. ಅವರು ಓಡಿದರು. ಈ ಕಪಾಟು ತೆಗೆದರು, ಆ ಕಪಾಟು ತೆಗೆದರು.

“ಕಿಟಕಿ ಕಡೀದು, ಕೆಳಗಿನ ಸಾಲು ಸಾರ್,” ಎಂದ ಮೈಲಪ್ಪ.

ಪುಸ್ತಕ ಸಿಕ್ಕಿತು. ಮೈಲಪ್ಪ ಅಪ್ಪನ ತಲೆಯ ಬಳಿ ಕೂತು ಓದತೊಡಗಿದ. ಹುಡುಗರು ತಮ್ಮ ತಮ್ಮ ಜಾಗ ಹಿಡಿದರು. ಪ್ರೊಫೆಸರು ರೈಲಿನ ಹೊತ್ತಾಯಿತೆಂದು ಎದ್ದರು, ಅವರ ಚೀಲ ಇನ್ನೊಂದು ಮಂಚದ ಕೆಳಗಿತ್ತು. ಅದನ್ನು ತೆಗೆದುಕೊಡಲು ಬಂಗಾರಪ್ಪನವರೂ ಬಾಗಿದರು, ಮಂಚವನ್ನು ಹೊರಗೊಯ್ಯಲು ಕಾಂಪೌಂಡರೂ ಬಂದ. ಮೂವರೂ ಹಾಗೇ ನಿಂತರು. ಬಿಳಿ ಹಾಸಿಗೆಯ ಮೇಲೆ ಜಂಬಕ್ಕ ನಿದ್ದೆ ಹೋಗಿದ್ದಳು. ಹಗಲು ಹೊತ್ತಿನಲ್ಲಿ ಆಕೆ ಯಾವ ಕಾಲಕ್ಕೆ ಮಲಗಿದ್ದಳೋ ಏನೋ. ಆಕೆಯನ್ನು ಎಬ್ಬಿಸುವ ಧೈರ್ಯ ಯೂನಿವರ್ಸಿಟಿಗೂ ಇರಲಿಲ್ಲ, ಸರ್ಕಾರಕ್ಕೂ ಇರಲಿಲ್ಲ.